ಮುಳ್ಳು ಸುಳ್ಳಾಡಿದಾಗ

ಕಬ್ಬಿನ ಗಾಣದ ಮೇಲಿರುವ ಅಂಗೈಯಗಲದ ಒತ್ತಡಮಾಪಕವನ್ನು ಎಷ್ಟು ನಂಬಬಹುದು?

ಸಹ್ಯಾದ್ರಿಯಿಂದ ಇಳಿದು ಬರುವ ವೇದಗಂಗೆ ಮತ್ತು ದೂಧಗಂಗೆಗಳು ಒಂದುಗೂಡುವ ಎಡೆಯಲ್ಲಿ ಭೋಜ ಗ್ರಾಮವಿದೆ. ಬೆಳಗಾವಿ ಜಿಲ್ಲೆಯ ವಾಯವ್ಯದ ಅಂಚಿನಲ್ಲಿರುವ ಈ ಊರು ಹಿಂದೆ ಚಿಕ್ಕೋಡಿ ತಾಲೂಕಿನಲ್ಲಿತ್ತು. ಈಗ ನಿಪ್ಪಾಣಿ ತಾಲೂಕಿಗೆ ಸೇರಿದೆ. ದಿಗಂಬರ ಜೈನ ಪರಂಪರೆಯ ಆಚಾರ್ಯ ಶಾಂತಿಸಾಗರರ (೧೮೭೨–೧೯೫೫) ಊರೆಂದು ಇದರ ಹೆಸರು ದೂರ ದೂರದ ಶ್ರಾವಕರಿಗೂ ಪರಿಚಿತ. ನದಿಗಳೆರಡೂ ತಂದು ಹರಡಿದ ಕಪ್ಪು ಮಣ್ಣು, ಕೈಗೆಟುಕುವ ನೀರು—ಇವೆರಡರ ಕೃಪೆಯಿಂದ ಈ ಸೀಮೆಯ ಬಾಳು ಇಂದು ಕಬ್ಬಿನೊಡನೆ ಹೆಣೆದುಕೊಂಡಿದೆ.

ಹಂಗಾಮು ಆರಂಭವಾಯಿತೆಂದರೆ ಕಬ್ಬು ಹೇರಿದ ಗಾಡಿಗಳೂ ಟ್ರ್ಯಾಕ್ಟರುಗಳೂ ಹಗಲಿರುಳು ರಸ್ತೆಯ ಮೇಲೆ. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಮುಂತಾದ ಸಹಕಾರಿ ಕಾರ್ಖಾನೆಗಳು ಈ ಸುತ್ತಿನವು. ಕೃಷ್ಣೆಯ ದಂಡೆಯ ಉಗಾರ ಖುರ್ದದ ಕಾರ್ಖಾನೆಯಂತೂ ೧೯೩೯ರಷ್ಟು ಹಿಂದಿನ ಸಂಸ್ಥೆ. ಕಡಿದ ಕಬ್ಬು ಕಾಯುವುದಿಲ್ಲ. ಗಂಟೆ ಗಂಟೆಗೂ ಅದರ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಕೆಡುತ್ತದೆ. ಆದುದರಿಂದ ಗಾಣ ನಿಂತಿತೆಂದರೆ ಕಾರ್ಖಾನೆಯ ಬಾಗಿಲಿನಿಂದ ಹೊಲದವರೆಗೆ ಎಲ್ಲರ ಎದೆಯೂ ಡವಡವಗುಟ್ಟುತ್ತದೆ.

ರೈತನ ಕಣ್ಣು ತೂಕದ ಕಟ್ಟೆಯ ಮುಳ್ಳಿನ ಮೇಲೆ. ಅದು ಸಹಜ. ಆದರೆ ಕಾರ್ಖಾನೆಯ ಒಳಗೆ, ಎಣ್ಣೆ ಮತ್ತು ಕಬ್ಬಿನ ರಸದ ವಾಸನೆಯ ನಡುವೆ, ಇನ್ನೊಂದು ಮುಳ್ಳು ಉಂಟು. ಅದನ್ನು ಅವನು ಕಾಣುವುದಿಲ್ಲ. ಅವನ ಕಬ್ಬಿನಿಂದ ಎಷ್ಟು ರಸ ಹೊರಬಂದೀತು, ಎಷ್ಟು ಸಿಪ್ಪೆಯೊಡನೆ ಬೆಂಕಿಗೆ ಹೋದೀತು ಎಂಬುದು ಬಹುಮಟ್ಟಿಗೆ ಆ ಮುಳ್ಳಿನ ಮಾತನ್ನು ಅವಲಂಬಿಸಿದೆ. ಆ ಮುಳ್ಳೇ ಸುಳ್ಳು ಹೇಳತೊಡಗಿದರೆ?

ಎಣ್ಣೆಯ ಬಲ

ಹಿಂದಿನ ಕಾಲದ ಗಾಣವನ್ನು ಎತ್ತು ತಿರುಗಿಸುತ್ತಿತ್ತು. ಇಂದಿನ ಸಕ್ಕರೆ ಕಾರ್ಖಾನೆಯಲ್ಲಿ ನಾಲ್ಕರಿಂದ ಆರು ಗಾಣಗಳು ಸಾಲಾಗಿ ನಿಂತಿರುತ್ತವೆ. ಒಂದರ ಸಿಪ್ಪೆ ಮುಂದಿನದರ ಬಾಯಿಗೆ ಬೀಳುತ್ತದೆ. ಪ್ರತಿಯೊಂದರಲ್ಲಿಯೂ ಮುಖ್ಯವಾಗಿ ಮೂರು ಭಾರಿ ರೋಲರುಗಳು: ಕೆಳಗೆ ಎರಡು, ಮೇಲೆ ಒಂದು. ಕೆಳಗಿನವು ತಮ್ಮ ಸ್ಥಾನದಲ್ಲಿ ಕದಲದೆ ತಿರುಗುತ್ತವೆ. ಮೇಲಿನದಕ್ಕೆ ಮಾತ್ರ ಕೊಂಚ ಏರಿಳಿಯುವ ಸ್ವಾತಂತ್ರ್ಯವಿದೆ. ಕಬ್ಬಿನ ದಪ್ಪ ಪದರ ಬಂದಾಗ ಅದು ಏಳಬೇಕು, ತೆಳುವಾದಾಗ ಇಳಿಯಬೇಕು. ಆದರೆ ಎದ್ದರೂ ಇಳಿದರೂ ಅದುಮುವ ಬಲ ಒಂದೇ ಸಮನಾಗಿರಬೇಕು.

ಈ ಬಲವನ್ನು ಕೊಡುವುದು ಎಣ್ಣೆ. ಮೇಲಿನ ರೋಲರಿನ ಎರಡು ತುದಿಗಳ ಮೇಲೂ ಒಂದೊಂದು ಉಕ್ಕಿನ ಕೊಂತವಿದ್ದು, ಪಂಪಿನಿಂದ ಒತ್ತಿದ ಎಣ್ಣೆ ಅದನ್ನು ಕೆಳಕ್ಕೆ ತಳ್ಳುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ (೧೬೨೩–೧೬೬೨) ತೋರಿಸಿದ್ದನು. ಆ ತತ್ವವನ್ನು ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಯಂತ್ರಕ್ಕಿಳಿಸಿ, ದ್ರವದಿಂದ ನಡೆಯುವ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಸಕ್ಕರೆಯ ಗಾಣ, ಟ್ರ್ಯಾಕ್ಟರಿನ ಹಿಂದೆ ತಾನೇ ಎದ್ದು ಮಣ್ಣು ಸುರಿಯುವ ಟ್ರಾಲಿ, ಮೋಟಾರಿನ ಬ್ರೇಕು—ಇವೆಲ್ಲವೂ ಆ ಒಂದೇ ವಂಶದ ಕುಡಿಗಳು.

ಬಲ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ಊಹಿಸಬಹುದು. ಕೊಂತದ ವ್ಯಾಸ ೩೦ ಸೆಂಟಿಮೀಟರ್ ಎನ್ನೋಣ. ಅದರ ಮುಖದ ವಿಸ್ತೀರ್ಣ ಸುಮಾರು ೭೦೭ ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಂ ಇದ್ದರೆ, ಒಂದು ತುದಿಯ ಮೇಲೆಯೇ ಸುಮಾರು ೧೪೧ ಟನ್ನುಗಳ ಭಾರ ಬಿದ್ದಂತಾಯಿತು. ಇಂತಹ ಬಲವನ್ನು ಕಣ್ಣು ಕಾಣದು, ಕೈ ಅರಿಯದು. ಅದು ಇದೆಯೇ, ಎಷ್ಟಿದೆ ಎಂದು ಹೇಳಬಲ್ಲದ್ದು ಕೊಳವೆಯ ತುದಿಯಲ್ಲಿ ಕೂತ ಅಂಗೈಯಗಲದ ಒತ್ತಡಮಾಪಕ. ಕಾರ್ಖಾನೆಯ ಮಾತಿನಲ್ಲಿ, ಗೇಜು.

ಬೂರ್ದೋನನ ಕೊಳವೆ

ಗೇಜು ಹುಟ್ಟುವ ಮುನ್ನ ಒತ್ತಡವನ್ನು ಪಾದರಸದ ಕಂಬದಿಂದ ಅಳೆಯುತ್ತಿದ್ದರು. ವಾಯುಮಂಡಲದ ಸಾಮಾನ್ಯ ಒತ್ತಡಕ್ಕೆ ೭೬ ಸೆಂಟಿಮೀಟರ್ ಎತ್ತರದ ಪಾದರಸ ಸಾಕು. ಆದರೆ ನಮ್ಮ ಗಾಣದ ೨೦೦ ಕಿಲೋಗ್ರಾಂ ಒತ್ತಡವನ್ನು ಹಾಗೆ ಅಳೆಯಹೊರಟರೆ ಸುಮಾರು ೧೪೭ ಮೀಟರ್ ಎತ್ತರದ ಕಂಬವೇ ಬೇಕಾದೀತು! ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಬಂಡಿಗಳೂ ಉಗಿಹಡಗುಗಳೂ ಬಂದಾಗ, ಓಡುವ ಯಂತ್ರದ ಮೇಲೆ ಕೂರಬಲ್ಲ ಚಿಕ್ಕ ಮಾಪಕವೊಂದು ಇಲ್ಲದೆ ಎಂಜಿನಿಯರುಗಳು ಪರದಾಡಿದರು.

ದಾರಿ ತೋರಿಸಿದವನು ಪ್ಯಾರಿಸಿನ ಯೂಜೀನ್ ಬೂರ್ದೋನ್ (೧೮೦೮–೧೮೮೪). ಸುರುಳಿಯಾಗಿ ಬಾಗಿಸಿದ ಲೋಹದ ಕೊಳವೆಯೊಂದು ಅಕಸ್ಮಾತ್ತಾಗಿ ಚಪ್ಪಟೆಯಾಯಿತೆಂದೂ, ಅದನ್ನು ಉಬ್ಬಿಸಿ ಸರಿಪಡಿಸಲು ಒಳಗೆ ನೀರನ್ನು ಒತ್ತಿದಾಗ ಸುರುಳಿಯೇ ಬಿಚ್ಚಿಕೊಳ್ಳತೊಡಗಿತೆಂದೂ ಹೇಳುತ್ತಾರೆ. ೧೮೪೯ರಲ್ಲಿ ಅವನು ತನ್ನ ಮಾಪಕಕ್ಕೆ ಹಕ್ಕುಪತ್ರ ಪಡೆದನು. ಇಂದಿಗೂ ಜಗತ್ತಿನ ಬಹುಪಾಲು ಮುಳ್ಳಿನ ಗೇಜುಗಳು ಅವನ ಕೊಳವೆಯ ಮೇಲೆಯೇ ನಡೆಯುತ್ತಿವೆ.

ಗೇಜಿನ ಮುಖವನ್ನು ತೆಗೆದು ನೋಡಿದರೆ, ಅರ್ಧಕ್ಕಿಂತ ಹೆಚ್ಚು ಸುತ್ತು ಬಾಗಿದ ಒಂದು ಚಪ್ಪಟೆ ಕೊಳವೆ ಕಾಣುತ್ತದೆ. ಒಂದು ತುದಿ ಬುಡಕ್ಕೆ ಬೆಸೆದುಕೊಂಡಿದೆ. ಅಲ್ಲಿಂದ ಎಣ್ಣೆ ಒಳಹೋಗುತ್ತದೆ. ಇನ್ನೊಂದು ತುದಿ ಮುಚ್ಚಿದೆ. ಒತ್ತಡ ಏರಿದಂತೆ ಚಪ್ಪಟೆ ಕೊಳವೆ ದುಂಡಾಗಲು ಹವಣಿಸುತ್ತದೆ. ದುಂಡಾಗುತ್ತ ಬಾಗು ಬಿಚ್ಚುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ಬಿಚ್ಚಿಕೊಳ್ಳುವುದನ್ನು ಕಂಡವರಿಗೆ ಇದು ಹೊಸದೆನಿಸದು. ಕೊಳವೆಯ ತುದಿ ಸರಿಯುವುದು ಕೆಲವೇ ಮಿಲಿಮೀಟರು. ಆ ಅಲ್ಪ ಚಲನೆಯನ್ನು ಒಂದು ಕೊಂಡಿಯೂ ಎರಡು ಪುಟ್ಟ ಹಲ್ಲುಚಕ್ರಗಳೂ ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಹಲ್ಲುಗಳ ನಡುವಣ ಸಡಿಲವನ್ನು ಕೂದಲೆಳೆಯಂತಹ ಸ್ಪ್ರಿಂಗೊಂದು ಹಿಡಿದಿಡುತ್ತದೆ. ಗಡಿಯಾರದಷ್ಟು ನಯವಾದ ಈ ಯಂತ್ರವನ್ನು ಒಯ್ದು, ಹಗಲಿರುಳು ಅದುರುವ ಗಾಣದ ಮೇಲೆ ಕೂರಿಸುತ್ತೇವೆ. ಅದು ಕೆಡುವುದು ಆಶ್ಚರ್ಯವಲ್ಲ. ಅಷ್ಟು ದಿನ ಬಾಳುವುದೇ ಆಶ್ಚರ್ಯ.

ಸುಳ್ಳಿನ ಬಗೆಗಳು

ಗಾಜು ಒಡೆದು ಎಣ್ಣೆ ಸೋರುವ ಗೇಜಿನಿಂದ ಮೋಸವಾಗುವುದು ಕಡಿಮೆ. ಅದು ಸತ್ತಿದೆಯೆಂದು ಎಲ್ಲರಿಗೂ ತಿಳಿಯುತ್ತದೆ. ಭಯಪಡಬೇಕಾದದ್ದು ಚೆನ್ನಾಗಿಯೇ ಕಾಣುತ್ತ ತಪ್ಪು ಹೇಳುವ ಗೇಜಿಗೆ.

ಅಂತಹ ಸುಳ್ಳುಗಳಲ್ಲಿ ಮೊದಲನೆಯದು ಹಿಗ್ಗಿದ ಕೊಳವೆಯದು. ಕಬ್ಬಿನೊಡನೆ ಕಲ್ಲೋ ಕಬ್ಬಿಣದ ತುಂಡೋ ಬಂದು ರೋಲರು ಥಟ್ಟನೆ ಎದ್ದಾಗ ಎಣ್ಣೆಯ ಒತ್ತಡ ಕ್ಷಣಮಾತ್ರ ನೆಗೆಯುತ್ತದೆ. ಮಿತಿ ಮೀರಿ ಹಿಗ್ಗಿದ ಕೊಳವೆ ಮತ್ತೆ ತನ್ನ ಮೊದಲಿನ ಬಾಗಿಗೆ ಮರಳದು. ಅಂದಿನಿಂದ ಒತ್ತಡವಿಲ್ಲದಾಗಲೂ ಮುಳ್ಳು ಸೊನ್ನೆಯ ಮೇಲ್ಗಡೆಯೇ ನಿಲ್ಲುತ್ತದೆ. ಇದ್ದುದಕ್ಕಿಂತ ಹೆಚ್ಚು ಹೇಳುತ್ತದೆ. ಎರಡನೆಯದು ಸವೆದ ಹಲ್ಲಿನ ಸುಳ್ಳು. ವರ್ಷವಿಡೀ ಒಂದೇ ಎಡೆಯಲ್ಲಿ ನಡುಗುವ ಮುಳ್ಳು ಆ ಎಡೆಯ ಹಲ್ಲುಗಳನ್ನೇ ತಿನ್ನುತ್ತದೆ. ಹೀಗಾಗಿ ಎಲ್ಲಿ ನಿಖರತೆ ಬೇಕೋ ಅಲ್ಲಿಯೇ ಅದು ತಪ್ಪುತ್ತದೆ. ಮೂರನೆಯದು ಕಟ್ಟಿಕೊಂಡ ರಂಧ್ರದ ಸುಳ್ಳು. ಎಣ್ಣೆಯ ಜಿಡ್ಡು, ಲೋಹದ ಪುಡಿ ಬುಡದ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡರೆ ಮುಳ್ಳು ಅಲುಗಾಡದೆ, ಹಿಂದೆಂದೋ ಇದ್ದ ಒತ್ತಡವನ್ನೇ ತೋರಿಸುತ್ತ ಕೂರುತ್ತದೆ. ನಾಲ್ಕನೆಯದು, ಏಟಿಗೆ ಮುಳ್ಳೇ ತನ್ನ ಕಡ್ಡಿಯ ಮೇಲೆ ಜಾರಿ ತಿರುಗಿಬಿಡುವುದು.

ಇದರ ಪರಿಣಾಮ ಸಣ್ಣದಲ್ಲ. ಗೇಜು ಹೆಚ್ಚು ಹೇಳಿದರೆ ನಿಜವಾದ ಒತ್ತಡ ಕಡಿಮೆಯಿದೆಯೆಂದಾಯಿತು. ರಸ ಸಿಪ್ಪೆಯಲ್ಲಿ ಉಳಿಯುತ್ತದೆ. ಸಾವಿರ ಟನ್ ಕಬ್ಬಿಗೆ ೨೮೦ ಟನ್ ಸಿಪ್ಪೆ ಬರುವುದೆಂದು ಇಟ್ಟುಕೊಂಡರೆ, ಆ ಸಿಪ್ಪೆಯಲ್ಲಿ ನೂರಕ್ಕೆ ಅರ್ಧ ಪಾಲು ಸಕ್ಕರೆ ಹೆಚ್ಚಾಗಿ ಉಳಿದರೂ ೧.೪ ಟನ್, ಎಂದರೆ ೫೦ ಕಿಲೋಗ್ರಾಮಿನ ೨೮ ಚೀಲದಷ್ಟು ಸಕ್ಕರೆಯ ಅಂಶ ಒಲೆಯ ಪಾಲಾಗುತ್ತದೆ. ಚೆನ್ನಾಗಿ ಹಿಂಡಿದ ಸಿಪ್ಪೆಯಲ್ಲಿಯೂ ಅರ್ಧದಷ್ಟು ನೀರೇ ಇರುತ್ತದೆ. ಸರಿಯಾಗಿ ಹಿಂಡದಿದ್ದರೆ ಇನ್ನೂ ಒದ್ದೆಯಾಗಿ ಬಾಯ್ಲರಿನ ಉರಿಯನ್ನೂ ಕುಗ್ಗಿಸುತ್ತದೆ. ಕಬ್ಬಿನ ನ್ಯಾಯಬೆಲೆಯನ್ನು ಸಕ್ಕರೆಯ ಇಳುವರಿಗೆ ಹೊಂದಿಸಿ ಲೆಕ್ಕ ಹಾಕುವುದರಿಂದ, ಈ ನಷ್ಟದ ನೆರಳು ಕೊನೆಗೆ ಬೀಳುವುದು ಭೋಜದಂತಹ ಊರಿನ ರೈತನ ಮೇಲೆಯೂ.

ಗೇಜು ಕಡಿಮೆ ಹೇಳಿದರೆ ಕೇಡು ಇನ್ನೊಂದು ದಿಕ್ಕಿನಿಂದ ಬರುತ್ತದೆ. ಮುಳ್ಳನ್ನು ಗುರುತಿಗೆ ತರಲು ಕೆಲಸಗಾರನು ಇನ್ನಷ್ಟು ಎಣ್ಣೆ ಒತ್ತುತ್ತಾನೆ. ರೋಲರಿನ ದಂಡ, ಬೇರಿಂಗು, ಎಣ್ಣೆಯ ಸೀಲು—ಎಲ್ಲವೂ ಹೊರಲಾರದ ಭಾರ ಹೊರುತ್ತವೆ. ದಂಡ ಮುರಿಯಿತೆಂದರೆ ಗಾಣ ಗಂಟೆಗಳ ಲೆಕ್ಕದಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ ನಿಲ್ಲುತ್ತದೆ.

ಸೊನ್ನೆಯನ್ನು ನಂಬಬಾರದು

ಗೇಜು ಕೆಟ್ಟಿತೆಂದು ಅನುಮಾನ ಬಂದಾಗ ಕೈಯಲ್ಲಿ ಪಾನಾ ಹಿಡಿದು ಬಿಚ್ಚಹೊರಡುವುದು ಸುಲಭ. ಆದರೆ ಅನುಭವಿ ಫಿಟ್ಟರು ಮೊದಲು ಕಲಿಯುವ, ಕೊನೆಯವರೆಗೂ ಮರೆಯದ ಪಾಠವೊಂದಿದೆ: ಮುಳ್ಳು ಸೊನ್ನೆಯಲ್ಲಿದೆ ಎಂದ ಮಾತ್ರಕ್ಕೆ ಕೊಳವೆಯಲ್ಲಿ ಒತ್ತಡವಿಲ್ಲವೆಂದಲ್ಲ. ರಂಧ್ರ ಕಟ್ಟಿದ್ದರೂ, ನಡುವಣ ವಾಲ್ವು ಮುಚ್ಚಿದ್ದರೂ ಮುಳ್ಳು ಸೊನ್ನೆಯಲ್ಲಿರಬಹುದು. ಪಂಪು ನಿಲ್ಲಿಸಿದರೂ ಒತ್ತಡ ಹೋಗುವುದಿಲ್ಲ. ಗಾಣದ ಎಣ್ಣೆಯ ಸಾಲಿನಲ್ಲಿ ನೈಟ್ರೊಜನ್ ಅನಿಲ ತುಂಬಿದ ರಬ್ಬರಿನ ಚೀಲವುಳ್ಳ ಉಕ್ಕಿನ ಸಿಲಿಂಡರುಗಳಿರುತ್ತವೆ. ರೋಲರಿನ ಏರಿಳಿತವನ್ನು ಮೆತ್ತೆಯಂತೆ ತಾಳಿಕೊಳ್ಳುವುದು ಅವುಗಳ ಕೆಲಸ. ಒತ್ತಿದ ಸ್ಪ್ರಿಂಗಿನಂತೆ ಅವು ಬಲವನ್ನು ಒಳಗಿಟ್ಟುಕೊಂಡೇ ಇರುತ್ತವೆ.

ಇಂತಹ ಒತ್ತಡದ ಎಣ್ಣೆ ಸೂಜಿಯ ಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ. ನೋವೂ ಮೊದಲಿಗೆ ಅಷ್ಟಿರದು. ಒಳಗೆ ಮಾತ್ರ ಎಣ್ಣೆ ಮಾಂಸದ ನಡುವೆ ಹರಡಿ, ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಆದುದರಿಂದ ಸೋರುವ ಜಾಗವನ್ನು ಕೈಯಾಡಿಸಿ ಹುಡುಕಬಾರದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿದ ಗಾಯ ಎಷ್ಟೇ ಚಿಕ್ಕದಾಗಿದ್ದರೂ ಮನೆಮದ್ದು ಮಾಡುತ್ತ ಕೂರದೆ, ಏನು ಚುಚ್ಚಿತೆಂದು ಸ್ಪಷ್ಟವಾಗಿ ತಿಳಿಸಿ, ಒಡನೆಯೇ ಶಸ್ತ್ರವೈದ್ಯರಿಗೆ ತೋರಿಸಬೇಕು.

ಗಾಣ ನಿಲ್ಲಿಸಿ, ಬಿಡುಗಡೆಯ ವಾಲ್ವನ್ನು ತೆರೆದು ಎಣ್ಣೆಯನ್ನು ತೊಟ್ಟಿಗೆ ಹಿಂದಿರುಗಿಸಿ, ಸಾಲು ಬರಿದಾಯಿತೆಂದು ಇನ್ನೊಂದು ಗುರುತಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಗೇಜಿಗೆ ಕೈ ಹಾಕುವುದು ಕ್ರಮ. ಆಗಲೂ ಮುಖವನ್ನು ಓರೆಗಿಟ್ಟು, ತಿರುಪನ್ನು ಸ್ವಲ್ಪವೇ ಸಡಿಲಿಸಿ, ಜಿನುಗುವುದು ನಿಂತ ನಂತರ ಪೂರ್ತಿ ಬಿಚ್ಚಬೇಕು. ಪಾನಾವನ್ನು ಗೇಜಿನ ಬುಡದ ಚೌಕಕ್ಕೆ ಹಾಕಬೇಕಲ್ಲದೆ, ಡಬ್ಬಿಯನ್ನೇ ಹಿಡಿದು ತಿರುವಬಾರದು. ಹಾಗೆ ತಿರುವಿದ ಹೊಸ ಗೇಜು ಹಾಕುವಾಗಲೇ ಹಳೆಯದಾಗಿರುತ್ತದೆ.

ಎರಡನೆಯ ಸಾಕ್ಷಿ

ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯ ಮಾತನ್ನು ಹೇಗೆ ಎಚ್ಚರದಿಂದ ತೂಗುತ್ತಾರೋ ಇಲ್ಲಿಯೂ ಹಾಗೆಯೇ. ರೋಲರಿನ ಎರಡು ತುದಿಗಳಿಗೂ ಬೇರೆ ಬೇರೆ ಗೇಜುಗಳಿರುವ ಗಾಣದಲ್ಲಿ ಒಂದು ಸರಳ ಪರೀಕ್ಷೆಯಿದೆ. ಎಡಗಡೆಯ ಮುಳ್ಳು ೨೦೦, ಬಲಗಡೆಯದು ೧೬೦ ತೋರಿಸುತ್ತಿದೆ ಎನ್ನೋಣ. ಒತ್ತಡವಿಳಿಸಿ ಎರಡನ್ನೂ ಅದಲುಬದಲು ಮಾಡಬೇಕು. ಮತ್ತೆ ಒತ್ತಡವೇರಿಸಿದಾಗ ೧೬೦ ಎಂಬ ಓದು ಗೇಜಿನೊಡನೆ ಎಡಗಡೆಗೆ ಬಂದರೆ ತಪ್ಪು ಗೇಜಿನದು. ಓದು ಬಲಗಡೆಯಲ್ಲಿಯೇ ಉಳಿದರೆ ಗೇಜು ನಿರಪರಾಧಿ. ಬಲಗಡೆಯ ಎಣ್ಣೆಯ ಸಾಲಿನಲ್ಲಿಯೇ ಕೊರತೆಯಿದೆ.

ಈ ಪರೀಕ್ಷೆ ಮಾಡದೆ ಗೇಜನ್ನೇ ಬಯ್ಯುವುದು ಸಾಮಾನ್ಯ ತಪ್ಪು. ಮುಳ್ಳು ಹುಚ್ಚೆದ್ದಂತೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತಿದ್ದರೆ 'ಗೇಜು ಹೋಯಿತು' ಎಂದು ಹೊಸದನ್ನು ತಂದು ಹಾಕುತ್ತಾರೆ, ಕೆಲವು ದಿನಗಳಲ್ಲಿ ಅದೂ ಹೋಗುತ್ತದೆ, ಮತ್ತೊಂದನ್ನು ತರುತ್ತಾರೆ. ನೈಟ್ರೊಜನ್ ಚೀಲ ಹರಿದಿದ್ದರೆ ಅಥವಾ ಅನಿಲ ಸೋರಿಹೋಗಿದ್ದರೆ ಮೆತ್ತೆಯೇ ಇಲ್ಲದಾಗಿ, ರೋಲರಿನ ಪ್ರತಿಯೊಂದು ಏಟೂ ನೇರವಾಗಿ ಎಣ್ಣೆಗೆ ತಾಗುತ್ತದೆ. ಆಗ ಮುಳ್ಳು ಬಡಿದುಕೊಳ್ಳುವುದು ಸುಳ್ಳಲ್ಲ, ಶುದ್ಧ ನಿಜ. ನಿಜ ಹೇಳಿದ ಸಾಕ್ಷಿಯನ್ನು ಮೂರು ಸಲ ಬದಲಾಯಿಸಿ, ಅಪರಾಧಿಯನ್ನು ಹಾಗೆಯೇ ಬಿಟ್ಟಂತಾಯಿತು! ಆ ಚೀಲಕ್ಕೆ ತುಂಬುವುದು ನೈಟ್ರೊಜನ್ನೇ ಆಗಿರಬೇಕೆಂಬುದೂ ಇಲ್ಲಿ ನೆನಪಿಡತಕ್ಕ ಮಾತು. ಒತ್ತಡದ ಆಮ್ಲಜನಕ ಎಣ್ಣೆಯನ್ನು ಸೇರಿದರೆ ಸ್ಫೋಟವಾಗುತ್ತದೆ.

ಕೊನೆಯ ತೀರ್ಪನ್ನು ಕೊಡುವುದು ತೂಕದ ಕಲ್ಲು. ಒಂದು ಚದರ ಸೆಂಟಿಮೀಟರ್ ಮುಖವುಳ್ಳ ಕೊಂತದ ಮೇಲೆ, ಅದರ ಭಾರವೂ ಸೇರಿ ಹತ್ತು ಕಿಲೋಗ್ರಾಂ ಆಗುವಂತೆ ತೂಕವಿಟ್ಟರೆ, ಅದನ್ನು ಎತ್ತಿ ತೇಲಿಸುವ ಎಣ್ಣೆಯ ಒತ್ತಡ ಸರಿಯಾಗಿ ಹತ್ತು. ಈ ತತ್ವದ ಪರೀಕ್ಷಾಯಂತ್ರದಲ್ಲಿ ಗೇಜನ್ನು ಕೂರಿಸಿ, ಒಂದೊಂದೇ ತೂಕ ಏರಿಸುತ್ತ ಇಳಿಸುತ್ತ, ಮುಳ್ಳಿನ ಮಾತನ್ನು ಸಾಲುಸಾಲಾಗಿ ಬರೆದುಕೊಳ್ಳುತ್ತಾರೆ. ಏರುವಾಗ ಒಂದು, ಇಳಿಯುವಾಗ ಮತ್ತೊಂದು ಹೇಳುವ ಗೇಜಿನ ಒಳಗೆ ಏನೋ ಸವೆದಿದೆ ಅಥವಾ ತಡೆಯುತ್ತಿದೆಯೆಂದು ತಿಳಿಯಬೇಕು.

ಬಡಿತಕ್ಕೆ ಮದ್ದು

ಗೇಜು ಬಾಳಬೇಕಾದರೆ ಅದಕ್ಕೆ ಬೀಳುವ ಏಟನ್ನು ತಗ್ಗಿಸಬೇಕು. ಬುಡದ ರಂಧ್ರದಲ್ಲಿ ಸಣ್ಣ ತೂತಿನ ತಿರುಪೊಂದನ್ನು ಕೂರಿಸಿದರೆ ಒತ್ತಡದ ನೆಗೆತ ಮೆತ್ತಗಾಗಿ ಒಳಬರುತ್ತದೆ. ಡಬ್ಬಿಯೊಳಗೆ ಗ್ಲಿಸರಿನ್ ತುಂಬಿದ ಗೇಜುಗಳಲ್ಲಿ ಆ ಮಂದವಾದ ದ್ರವ ಮುಳ್ಳಿನ ನಡುಕವನ್ನು ಅಡಗಿಸಿ, ಹಲ್ಲುಗಳಿಗೆ ಜಾರುವಿಕೆಯನ್ನೂ ಕೊಡುತ್ತದೆ. ಗಾಜಿನ ಮೇಲ್ತುದಿಯಲ್ಲಿ ಕಾಣುವ ಗಾಳಿಗುಳ್ಳೆ ದೋಷವಲ್ಲ. ಬಿಸಿಲಿಗೆ ಗ್ಲಿಸರಿನ್ ಹಿಗ್ಗಲು ಬಿಟ್ಟ ಜಾಗವದು. ಇನ್ನೂ ಒಳ್ಳೆಯ ಉಪಾಯವೆಂದರೆ ಗೇಜನ್ನು ಅದುರುವ ಗಾಣದ ಮೇಲಿಂದ ತೆಗೆದು, ಬಳುಕುವ ಕೊಳವೆಯ ಮೂಲಕ ಪಕ್ಕದ ಗೋಡೆಗೋ ಕಂಬಕ್ಕೋ ಸೇರಿಸುವುದು.

ಆಯ್ಕೆಯಲ್ಲಿಯೂ ವಿವೇಕ ಬೇಕು. ೨೦೦ರ ಕೆಲಸಕ್ಕೆ ೨೫೦ರ ಗೇಜು ಸಾಲದು. ಅದು ಸದಾ ತನ್ನ ಶಕ್ತಿಯ ಅಂಚಿನಲ್ಲಿ ದುಡಿಯುತ್ತದೆ. ಏರಿಳಿತ ಹೆಚ್ಚಿರುವೆಡೆ ಮುಳ್ಳು ಮುಖದ ನಡುಭಾಗದಲ್ಲಿ ಆಡುವಂತೆ, ೪೦೦ರವರೆಗೆ ಓದುವ ಗೇಜು ಲೇಸು. ಅಳತೆಯ ಘಟಕವನ್ನೂ ನೋಡಿಕೊಳ್ಳಬೇಕು. ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಂ ಎಂದರೆ ಚದರ ಅಂಗುಲಕ್ಕೆ ಸುಮಾರು ೨,೮೪೫ ಪೌಂಡು, ಅಥವಾ ಸುಮಾರು ೧೯೬ ಬಾರ್. ಅವಸರದ ರಾತ್ರಿಪಾಳಿಯಲ್ಲಿ ಒಂದು ಘಟಕದ ಗೇಜಿನ ಜಾಗಕ್ಕೆ ಇನ್ನೊಂದರದ್ದು ಬಂದು ಕೂತರೆ, ಗೇಜು ಸರಿಯಿದ್ದೂ ಓದುವವನು ತಪ್ಪುತ್ತಾನೆ.

ಅದೇ ಕಾರ್ಖಾನೆಯ ಬಾಯ್ಲರಿನಲ್ಲಿ ಶತ್ರು ಬೇರೆ: ಶಾಖ. ಸುಡುವ ಉಗಿ ನೇರವಾಗಿ ಬೂರ್ದೋನನ ಕೊಳವೆಗೆ ಹೊಕ್ಕರೆ ಲೋಹದ ಬಿಗಿ ಹೋಗುತ್ತದೆ. ಆದುದರಿಂದ ಗೇಜಿನ ಕೆಳಗೆ ಬಾಗಿದ ಕೊಳವೆಯೊಂದನ್ನಿಟ್ಟು, ಅದರ ತಗ್ಗಿನಲ್ಲಿ ನೀರು ನಿಲ್ಲುವಂತೆ ಮಾಡುತ್ತಾರೆ. ಉಗಿ ನೀರನ್ನು ಒತ್ತುತ್ತದೆ, ನೀರು ಗೇಜನ್ನು ಒತ್ತುತ್ತದೆ. ಬಾಯ್ಲರುಗಳ ಸುರಕ್ಷತೆಗಾಗಿ ಭಾರತದಲ್ಲಿ ೧೯೨೩ರಿಂದ ಪ್ರತ್ಯೇಕ ಕಾಯಿದೆಯಿತ್ತು. ೨೦೨೫ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿತು. ಕಾಯಿದೆ ಬದಲಾದರೂ, ಬೆಂಕಿಯ ಮುಂದೆ ನಿಂತವನು ಮುಳ್ಳನ್ನು ನೋಡುತ್ತಿರಬೇಕೆಂಬುದು ಬದಲಾಗಿಲ್ಲ.

ಕಡಲಿನಲ್ಲಿ, ಅಡಿಗೆಮನೆಯಲ್ಲಿ

ಗಾಣದ ಗೇಜಿನ ಒಡಹುಟ್ಟುಗಳು ಎಲ್ಲಿ ಇಲ್ಲ? ಸಿರಿವಂತರ ಹಾಯಿನೌಕೆಗಳಲ್ಲಿ ಕೂವೆಮರವನ್ನು ಹಿಂದಕ್ಕೆ ಬಿಗಿಹಿಡಿಯುವ ತಂತಿಹಗ್ಗವನ್ನು ಎಣ್ಣೆಯ ಕೊಂತದಿಂದಲೇ ಎಳೆಯುವುದುಂಟು. ಎಷ್ಟು ಬಿಗಿದಿದೆಯೆಂದು ಹೇಳುವುದು ಇದೇ ಬಗೆಯ ಗೇಜು. ಅಲ್ಲಿ ಅದನ್ನು ಕೆಡಿಸುವುದು ಉಪ್ಪುನೀರು. ಡಬ್ಬಿಯೊಳಗೆ ನುಸುಳಿದ ತೇವ ಹಲ್ಲುಗಳನ್ನು ತಿಂದು ಮುಳ್ಳನ್ನು ಹಿಡಿದುಬಿಡುತ್ತದೆ. ನಾವಿಕನು ಇನ್ನೂ ಬಿಗಿಯೋಣವೆಂದು ಎಳೆದರೆ ಕೂವೆಮರಕ್ಕೇ ಅಪಾಯ. ಭೋಜದ ಗಾಣಕ್ಕೂ ಕಡಲಿನ ನೌಕೆಗೂ ಪಾಠ ಒಂದೇ.

ಮನೆಗಳಲ್ಲಿಯೂ ಈ ಪಾಠಕ್ಕೆ ಎಡೆಯಿದೆ. ವೈದ್ಯರ ಮೇಜಿನ ಮೇಲಿನ, ಮುಳ್ಳುಳ್ಳ ರಕ್ತದೊತ್ತಡದ ಮಾಪಕದೊಳಗೆ ಬೂರ್ದೋನನ ಕೊಳವೆಯ ಬದಲು ತೆಳು ಲೋಹದ ಡಬ್ಬಿಯೊಂದು ಉಬ್ಬಿ ತಗ್ಗುತ್ತದೆ. ಪಟ್ಟಿಯಲ್ಲಿ ಗಾಳಿಯಿಲ್ಲದಾಗ ಅದರ ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಅದರ ಓದನ್ನು ನಂಬಲಾಗದು. ಸೊನ್ನೆಯಲ್ಲಿ ನಿಂತ ಮಾತ್ರಕ್ಕೆ ಮೇಲಿನ ಓದುಗಳೆಲ್ಲ ಸರಿಯೆಂದೂ ಅಲ್ಲ. ಆಗಾಗ ಪರೀಕ್ಷೆ ಆಗಲೇಬೇಕು. ಮನೆಯ ಮಾಪಕ ಎಂದಿಲ್ಲದ ಅಂಕಿ ತೋರಿಸಿದರೆ ಗಾಬರಿಯಿಂದ ಗುಳಿಗೆಯ ಪ್ರಮಾಣವನ್ನು ತಾವೇ ಬದಲಿಸಬಾರದು, ಅಲಕ್ಷ್ಯವನ್ನೂ ಮಾಡಬಾರದು. ಸ್ವಲ್ಪ ವಿಶ್ರಮಿಸಿ ಮತ್ತೊಮ್ಮೆ ನೋಡಿ, ಬೇರೊಂದು ಮಾಪಕದಲ್ಲಿಯೂ ನೋಡಿಸಿ, ವೈದ್ಯರ ಮಾತಿನಂತೆ ನಡೆಯುವುದು ಜಾಣತನ.

ಅಡಿಗೆಮನೆಯ ಪ್ರೆಶರ್ ಕುಕ್ಕರಿಗೆ ಮುಳ್ಳಿಲ್ಲ, ತೂಕದ ಗುಂಡಿದೆ. ಗಾಣದ ಗೇಜನ್ನು ಪರೀಕ್ಷಿಸುವ ಯಂತ್ರದ ತತ್ವವೇ ಅದರದೂ: ಉಗಿಯ ಒತ್ತಡ ಗುಂಡನ್ನು ಎತ್ತುವಷ್ಟಾದಾಗ ಸೀಟಿ. ಆದರೆ ಬೇಳೆಯ ಸಿಪ್ಪೆ ಸಿಕ್ಕಿ ತೂತು ಕಟ್ಟಿದ್ದರೆ ಸೀಟಿ ಬಾರದು. ಸೀಟಿ ಬರಲಿಲ್ಲವೆಂಬುದು ಒಳಗೆ ಉಗಿಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಹಾಗೆಂದು ತಿಳಿದು ಮುಚ್ಚಳಕ್ಕೆ ಕೈ ಹಾಕುವ ಗೃಹಿಣಿಯೂ, ಸೊನ್ನೆ ನೋಡಿ ಪಾನಾ ಹಾಕುವ ಫಿಟ್ಟರೂ ಒಂದೇ ಅಪಾಯಕ್ಕೆ ಮುಖವೊಡ್ಡುತ್ತಾರೆ. ಒಲೆಯಾರಿಸಿ, ಕುಕ್ಕರು ತಾನಾಗಿ ಪೂರ್ತಿ ತಣಿಯುವವರೆಗೆ ಕಾದು, ಆಮೇಲೆ ತೂತನ್ನು ಕಡ್ಡಿಯಿಂದ ಬಿಡಿಸುವುದೊಂದೇ ದಾರಿ.

ಇಂದು ಹಲವು ಕಾರ್ಖಾನೆಗಳಲ್ಲಿ ವಿದ್ಯುತ್ ಸಂವೇದಕಗಳು ಬಂದಿವೆ; ಗಾಣದ ಒತ್ತಡ ದೂರದ ಕೋಣೆಯ ಪರದೆಯ ಮೇಲೆ ಅಂಕಿಗಳಾಗಿ ಮೂಡುತ್ತದೆ. ಅವೂ ಕೆಡುತ್ತವೆ, ಅವೂ ಮೆಲ್ಲನೆ ದಾರಿ ತಪ್ಪುತ್ತವೆ. ಅದಕ್ಕಾಗಿಯೇ ವಿದ್ಯುತ್ತಿಲ್ಲದೆ ನಡೆಯುವ ಬೂರ್ದೋನನ ಗೇಜನ್ನು ಅವುಗಳ ಪಕ್ಕದಲ್ಲಿ ಎರಡನೆಯ ಸಾಕ್ಷಿಯಾಗಿ ಉಳಿಸಿಕೊಳ್ಳುವ ರೂಢಿಯಿದೆ. ಪಾಳಿಗೊಮ್ಮೆ ಎರಡನ್ನೂ ಓದಿ ಪುಸ್ತಕದಲ್ಲಿ ಬರೆದಿಡುವ ಕಾರ್ಖಾನೆಯಲ್ಲಿ ಸುಳ್ಳು ಬಹುಕಾಲ ಅಡಗಿರಲಾರದು. ಹಂಗಾಮು ಮುಗಿದ ಮೇಲೆ, ಗಾಣ ಬಿಚ್ಚಿ ಮಲಗಿಸಿದ ಬೇಸಿಗೆಯ ದಿನಗಳಲ್ಲಿ, ಪ್ರತಿಯೊಂದು ಗೇಜನ್ನೂ ತೂಕಕ್ಕೆ ಹಚ್ಚಿ, ದಿನಾಂಕದ ಚೀಟಿ ಅಂಟಿಸಿ ಇಟ್ಟರೆ, ಮುಂದಿನ ಹಂಗಾಮಿನ ಮೊದಲ ಗಾಡಿಯ ಕಬ್ಬಿಗೂ ಕೊನೆಯ ಗಾಡಿಯ ಕಬ್ಬಿಗೂ ಒಂದೇ ನ್ಯಾಯ ದೊರಕುತ್ತದೆ.